ನೂರ ಎಂಬತ್ತೇಳು ಜನ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಮಷೀನು ಬಂತು. ಲಾರಿಯ ಮೇಲೆ ಕೂರಿಸಿದ ಕೊರೆಯುವ ಮಷೀನು. ಓಕಳಿಪುರಂನಲ್ಲಿ ರೈಲು ಹಳಿಗೆ ಅಂಟಿಕೊಂಡಂತಿರುವ ನಮ್ಮ ಗ್ಯಾಂಗ್‌ಮನ್ ಸಾಲಿನೊಳಗೆ ಅದು ಹಿಂದು ಹಿಂದಕ್ಕೆ ನುಗ್ಗಿತು. ಎರಡು ಮನೆಗಳ ಶೀಟು ಬಗ್ಗಿತು. ಯಾರನ್ನೂ ಕೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಬೀದಿ ನಲ್ಲಿಯ ಪಕ್ಕದಲ್ಲೇ ಕಬ್ಬಿಣದ ಕಾಲು ಊರಿ ನೆಲ ಕೊರೆಯತೊಡಗಿತು. ಅರ್ಧ ಗಂಟೆಯಲ್ಲಿ ಕೆಸರು ಚಿಮ್ಮಿತು. ಆಮೇಲೆ ಬರೀ ನೀರು. ಮುನ್ನೂರ ಹನ್ನೆರಡು ಮನೆಗಳಿಗೆ ಇದ್ದದ್ದು ಅದೊಂದೇ ಪೈಪು.

ಹೆಂಗಸರು ಬಿಂದಿಗೆ ತಂದು ಚಿಮ್ಮುವ ನೀರಿಗೆ ಒಡ್ಡಿದರು. ಅರ್ಧ ಕೆಸರು, ಅರ್ಧ ನೀರು. ಅದೂ ಹತ್ತು ನಿಮಿಷದಲ್ಲಿ ನಿಂತಿತು.

ಹಳದಿ ಹೆಲ್ಮೆಟ್ ಹಾಕಿದ್ದ ಎಂಜಿನಿಯರ್ ಹೆಸರು ರುದ್ರೇಶ್. ಟೋಲ್ ರಸ್ತೆ ಕಟ್ಟಲು ಗುತ್ತಿಗೆ ಹಿಡಿದ ಕಂಪನಿಯವನು. ಕಂಬ ಏಳಿಸುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಲು ಬಂದಿದ್ದ. ನನ್ನ ಅಪ್ಪ ಶ್ರೀನಿವಾಸಯ್ಯ ಅವನ ಹತ್ತಿರ ಹೋದ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಮೂವತ್ತನಾಲ್ಕು ವರ್ಷ ಹಳಿಯ ಕೆಳಗೆ ಜಲ್ಲಿ ತುಂಬಿದವನು. ಸಾಹೇಬರ ಮುಂದೆ ನಿಂತರೆ ಈಗಲೂ ಟವೆಲು ಹೆಗಲಿನಿಂದ ಕೈಗೆ ಬರುತ್ತದೆ.

"ಸಾರ್, ಪೈಪು ಒಡೆದ್ಹೋಯ್ತಲ್ಲ ಸಾರ್. ಒಂದ್ ಮಾತು ಕೇಳಿದ್ರೆ ಎಲ್ಲಿ ಹೋಗ್ತದೆ ಅಂತ ತೋರಿಸ್ತಿದ್ವಿ."

ರುದ್ರೇಶ್ ಕೈಯಲ್ಲಿದ್ದ ದೊಡ್ಡ ಹಾಳೆ ಬಿಡಿಸಿದ. "ನಮ್ಮ ಮ್ಯಾಪಲ್ಲಿ ಪೈಪೇ ಇಲ್ಲ ಕಣ್ರೀ."

"ಮತ್ತೆ ಈ ನೀರು ಎಲ್ಲಿಂದ ಬಂತು ಸಾರ್?"

"ಪೈಪು ಹಾಗಿರ್ಲಿ, ಇಲ್ಲಿ ಮನೆಗಳೇ ಇಲ್ಲ. ನೋಡಿ ಬೇಕಾದ್ರೆ. ಖಾಲಿ ಜಾಗ ಅಂತ ಬರ್ದಿದೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಹಾಳೆಯ ಮೇಲೆ ಬಗ್ಗಿ ನೋಡಿದೆ. ಹಳಿ ಇತ್ತು. ಕಾಲುಸೇತುವೆ ಇತ್ತು. ಅವೆರಡರ ನಡುವೆ ನಮ್ಮ ಮನೆ ಇರಬೇಕಾದ ಕಡೆ ಬೂದು ಬಣ್ಣ ಬಳಿದಿತ್ತು. ಕೆಳಗಿನ ಮೂಲೆಯಲ್ಲಿ ನಕ್ಷೆ ಮಾಡಿಕೊಟ್ಟ ಆಫೀಸಿನ ಹೆಸರು. ನಾನು ಕೆಲಸ ಮಾಡುವ ಆಫೀಸು ಅದು.

ಅಪ್ಪನಿಗೆ ಏನೂ ಹೇಳಲಿಲ್ಲ.

ಕಂಪನಿಯವರು ಮಷೀನು ಎತ್ತಿಕೊಂಡು ಹೋದರು. ಪೈಪು ರಿಪೇರಿ ಯಾರ ಕೆಲಸ ಎಂದು ಯಾರಿಗೂ ಗೊತ್ತಿರಲಿಲ್ಲ. ನೀರಿನ ಆಫೀಸಿನವರು ಕಂಪನಿಯನ್ನು ಕೇಳಿ ಅಂದರು. ಕಂಪನಿ ಸರ್ಕಾರವನ್ನು ಕೇಳಿ ಅಂದಿತು. ಹನ್ನೊಂದು ದಿನ ನಾವು ಕಾಲುಸೇತುವೆ ಹತ್ತಿ ಹಳಿಯ ಆಚೆಯಿಂದ ನೀರು ಹೊತ್ತೆವು. ಹತ್ತಲು ನಲವತ್ತೆರಡು ಮೆಟ್ಟಿಲು, ಇಳಿಯಲು ನಲವತ್ತೆರಡು. ತಲೆಯ ಮೇಲೊಂದು ಬಿಂದಿಗೆ, ಕಂಕುಳಲ್ಲೊಂದು. ಆಚೆ ಬದಿಯ ನಲ್ಲಿಯವರು ಮೊದಲ ದಿನ ಬಿಟ್ಟರು. ಎರಡನೇ ದಿನ ಗೊಣಗಿದರು. ಮೂರನೇ ದಿನ ತಾವು ಹಿಡಿದು ಮುಗಿಸುವ ತನಕ ನಮ್ಮನ್ನು ದೂರ ನಿಲ್ಲಿಸಿದರು. ಯಾಕೆ ದೂರ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎರಡೂ ಕಡೆಯವರಿಗೆ ಗೊತ್ತಿತ್ತು.

ಆರನೇ ದಿನ ಅಪ್ಪ ಬಿದ್ದ. ನಾನು ಆಫೀಸಿಗೆ, ಅಮ್ಮ ಕೆಲಸಕ್ಕೆ ಹೋಗಿದ್ದೆವು. ಮನೆಯಲ್ಲಿ ಕುಡಿಯಲು ನೀರಿಲ್ಲ ಎಂದು ಅರವತ್ತೈದರ ಅಪ್ಪ ಕೊಡ ಹಿಡಿದು ಸೇತುವೆ ಹತ್ತಿದ್ದ. ಇಳಿಯುವಾಗ ಹದಿನಾಲ್ಕು ಮೆಟ್ಟಿಲು ಉರುಳಿದ. ಸೊಂಟದ ಮೂಳೆ ಮುರಿಯಿತು. ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿ ಅವನು ಮೊದಲು ಕೇಳಿದ್ದು, "ಕೊಡ ಸೊಟ್ಟಗಾಯ್ತಾ?" ಎಂದು.

ನಾನು ಯಾರು ಎಂದು ಹೇಳಬೇಕು.

ಹೆಸರು ಸೌಂದರ್ಯಾ. ಇಂಗ್ಲಿಷ್ ಎಂ.ಎ. ನಮ್ಮ ಸಾಲಿನಲ್ಲಿ ಆ ಓದು ಓದಿದವಳು ನಾನೊಬ್ಬಳೇ. ಮಲ್ಲೇಶ್ವರಂನಲ್ಲಿ ಕಶ್ಯಪ್ ಅವರ ಆಫೀಸಿನಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದೆ. ರಸ್ತೆ, ಮೇಲ್ಸೇತುವೆ ಏನೇ ಕಟ್ಟುವಾಗಲೂ ಅದರಿಂದ ಯಾರ ಮನೆ ಹೋಗುತ್ತದೆ, ಯಾರ ಅನ್ನ ಹೋಗುತ್ತದೆ ಎಂದು ನಕ್ಷೆ ಸಮೇತ ವರದಿ ಬರೆದುಕೊಡುವ ಆಫೀಸು. ಕಶ್ಯಪ್ ಅವರ ತಾತ ಕಟ್ಟಿಸಿದ ಮನೆ. ಮುಂದಿನ ಪಡಸಾಲೆಯಲ್ಲಿ ಆಫೀಸು, ಹಿಂದೆ ಸಂಸಾರ. ಅವರ ತಾಯಿ ಭಾಗೀರಥಮ್ಮ ಮೊದಲ ವಾರವೇ ನನ್ನ ಮನೆ ಎಲ್ಲಿ ಎಂದು ಕೇಳಿದ್ದರು. ಓಕಳಿಪುರಂ ಅಂದೆ. ಓಕಳಿಪುರಂನಲ್ಲಿ ಎಲ್ಲಿ ಅಂದರು. ಹೇಳಿದೆ. "ಓ, ಸರಿ ಸರಿ" ಅಂದರು. ಅಷ್ಟೇ. ಮಾರನೆಯ ದಿನದಿಂದ ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಮಾತಿನಲ್ಲಿ ಮಾತ್ರ ಬೆಣ್ಣೆ. "ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತೀಯಮ್ಮ ನೀನು, ಗೊತ್ತೇ ಆಗಲ್ಲ."

ಏನು ಗೊತ್ತಾಗುವುದಿಲ್ಲ ಎಂದು ನಾನು ಕೇಳಲಿಲ್ಲ. ಸಂಬಳ ಬೇಕಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು. ಅಮ್ಮ ನರಸಮ್ಮ ಪೌರಕಾರ್ಮಿಕೆ. ಅವಳು ಗುಡಿಸುವುದು ನನ್ನ ಆಫೀಸಿರುವ ಕ್ರಾಸನ್ನೇ. ನಾನು ಒಂಬತ್ತೂವರೆಗೆ ಹೋಗುವಾಗ ಅವಳು ಮೂಲೆಯಲ್ಲಿ ಕಸ ಬೇರೆ ಮಾಡುತ್ತಿರುತ್ತಾಳೆ. ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ, ಹಾಳೆಯಲ್ಲಿ ಸುತ್ತದೆ ಹಾಗೇ ಬಿಸಾಕಿದ ಪ್ಯಾಡುಗಳು ಇನ್ನೊಂದು ಕಡೆ. ಕೈಗವಸು ಹರಿದು ಆರು ತಿಂಗಳಾಗಿತ್ತು. ನಾನು ಕೆಲಸಕ್ಕೆ ಸೇರಿದ ದಿನವೇ ಅವಳು ಹೇಳಿದ್ದಳು: "ಅಲ್ಲಿ ನನ್ನ ಮಾತಾಡಿಸ್ಬ್ಯಾಡ. ನೋಡ್ದಂಗೆ ಹೋಗ್ಬಿಡು. ನಿನ್ ಕೆಲ್ಸಕ್ಕೆ ತೊಂದ್ರೆ." ಎರಡು ವರ್ಷ ನಾನು ನೋಡದ ಹಾಗೆ ಹೋದೆ. ಅವಳು ಹೇಳಿದಳೆಂದು ಹೋದೆ ಎನ್ನುವುದು ಅರ್ಧ ನಿಜ. ನನಗೂ ಅದೇ ಬೇಕಿತ್ತು.

ಈ ಟೋಲ್ ರಸ್ತೆಯ ವಿಷಯ ಇಷ್ಟು. ನಮ್ಮ ಹಳಿಯ ಪಕ್ಕದಿಂದ ಕಂಬಗಳ ಮೇಲೆ ಎದ್ದು ಊರ ಹೊರಗಿನ ಹೆದ್ದಾರಿಗೆ ಸೇರುವ ರಸ್ತೆ. ಕಂಪನಿ ಕಟ್ಟುತ್ತದೆ, ಮೂವತ್ತು ವರ್ಷ ಟೋಲ್ ಎತ್ತುತ್ತದೆ. ಸರ್ಕಾರ ಜಾಗ ಬಿಡಿಸಿಕೊಡುತ್ತದೆ. ಅದನ್ನು ಸಹಭಾಗಿತ್ವ ಅನ್ನುತ್ತಾರೆ. ದುಡ್ಡು ಹೊರದೇಶದ ಬ್ಯಾಂಕೊಂದರ ಸಾಲ. ಆ ಬ್ಯಾಂಕಿನದ್ದೊಂದು ನಿಯಮವಿತ್ತು. ಇನ್ನೂರಕ್ಕಿಂತ ಹೆಚ್ಚು ಜನರ ಮನೆ ಹೋಗುವುದಾದರೆ ಮೊದಲು ಅವರಿಗೆ ಮನೆ ತೋರಿಸಬೇಕು, ಆಮೇಲೆ ಸಾಲ. ಅದಕ್ಕೆ ಒಂದೂವರೆ ವರ್ಷ ಹಿಡಿಯುತ್ತದೆ. ಇನ್ನೂರರೊಳಗಿದ್ದರೆ ವರದಿಯೊಂದೇ ಸಾಕು.

ನಮ್ಮ ಸಾಲಿನ ಎಣಿಕೆ ಮಾಡಿದವಳು ನಾನು. ಏಪ್ರಿಲ್, ಮೇ ಬಿಸಿಲಿನಲ್ಲಿ ಏಳು ವಾರ. ಮನೆಗೆ ಹದಿನಾಲ್ಕು ಪುಟದ ಫಾರಂ. ಎಲ್ಲರೂ ನನ್ನನ್ನು ಕೂರಿಸಿ, ಇರುವ ಒಂದು ಕುರ್ಚಿ ಕೊಟ್ಟು, ಮಜ್ಜಿಗೆ ಕೊಟ್ಟು ಹೇಳಿದರು. "ನಮ್ ಸೌಂದರ್ಯಾನೇ ಬರ್ಕೊಳೋವಾಗ ಇನ್ನೇನು ಭಯ" ಅಂದರು. ಒಂದು ಸಾವಿರದ ಮುನ್ನೂರ ಇಪ್ಪತ್ತಾರು ಜನ. ಒಬ್ಬೊಬ್ಬರ ಹೆಸರೂ ನನ್ನ ಕೈಬರಹದಲ್ಲಿತ್ತು.

ಅಪ್ಪನ ಆಪರೇಶನ್ ಆದ ಮರುದಿನ ಆಫೀಸಿಗೆ ಹೋಗಿ ವರದಿ ತೆಗೆದೆ. ಬ್ಯಾಂಕಿಗೆ ಕಳಿಸಿದ ಪ್ರತಿ. ನೂರ ಹದಿನೆಂಟನೇ ಪುಟ. ಗ್ಯಾಂಗ್‌ಮನ್ ಸಾಲಿನ ಎರಡು ತುದಿಯ ನಲವತ್ತೊಂದು ಮನೆ. ತೊಂದರೆಗೆ ಒಳಗಾಗುವವರು ನೂರ ಎಂಬತ್ತೇಳು ಜನ. ಉಳಿದದ್ದು ಖಾಲಿ ಜಾಗ, ಅಲ್ಲಲ್ಲಿ ತಾತ್ಕಾಲಿಕ ಶೆಡ್ಡುಗಳು. ಕೆಳಗೆ ಒಂದು ಸಾಲು: ಎಣಿಕೆ ಮಾಡಿದವರು, ಸೌಂದರ್ಯಾ ಎಸ್.

ನನ್ನ ಹೆಸರು. ಅವರ ಸುಳ್ಳಿನ ಕೆಳಗೆ ನನ್ನ ಹೆಸರು.

ವರದಿ ಹಿಡಿದು ಕಶ್ಯಪ್ ಅವರ ಮುಂದೆ ನಿಂತೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಸರ್, ಇದು ನನ್ನ ಲೆಕ್ಕ ಅಲ್ಲ."

"ಕೂತ್ಕೊಳ್ಳಿ ಸೌಂದರ್ಯಾ. ಅದು ಲೆಕ್ಕ ಅಲ್ಲ, ವರ್ಗೀಕರಣ. ಹಕ್ಕುಪತ್ರ ಇರೋರು ನಿವಾಸಿಗಳು. ಉಳಿದೋರು ತಾತ್ಕಾಲಿಕ."

"ನಮ್ಮ ತಾತ ಅಲ್ಲೇ ಹುಟ್ಟಿದ್ದು ಸರ್."

"ಅದು ಭಾವನೆ. ಭಾವನೆಗೆ ಕಾಲಂ ಇಲ್ಲ." ಈಗ ತಲೆ ಎತ್ತಿದರು. ಸಿಟ್ಟಿರಲಿಲ್ಲ. ಮಗುವಿಗೆ ಪಾಠ ಹೇಳುವ ಮುಖ. "ನೋಡಿ, ಈ ರಸ್ತೆ ಆಗ್ದಿದ್ರೆ ನಿಮ್ಮ ಜನಕ್ಕೆ ಏನ್ ಲಾಭ? ಆದ್ರೆ ನಾಲ್ಕು ಜನಕ್ಕೆ ಟೋಲ್ ಗೇಟಲ್ಲಿ ಕೆಲ್ಸ ಸಿಗುತ್ತೆ. ನಾನೇ ಹೇಳಿ ಕೊಡಿಸ್ತೀನಿ. ಮತ್ತೆ ನಿಮ್ಮ ತಂದೆ ಆಸ್ಪತ್ರೇಲಿದಾರೆ ಅಂತ ಕೇಳ್ದೆ. ನಿಮ್ಮ ಕೆಲಸ ಪರ್ಮನೆಂಟ್ ಮಾಡೋಣ ಅಂತಿದೀನಿ. ಮುಂದಿನ ವಾರ ಬ್ಯಾಂಕಿನೋರು ಬರ್ತಿದಾರೆ. ಸಾರ್ವಜನಿಕ ಸಭೆ. ನೀವೇ ಅನುವಾದ ಮಾಡ್ಬೇಕು."

ನಾನು ಆಗಲೇ ಹೊರಗೆ ನಡೆಯಬೇಕಿತ್ತು. ನಡೆಯಲಿಲ್ಲ. "ಆಯ್ತು ಸರ್" ಅಂದೆ. ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳು. ಬೈಯಲಿಲ್ಲ. "ಸಭೆ ಎಲ್ಲಿ?" ಎಂದಷ್ಟೇ ಕೇಳಿದಳು.

ಸಭೆ ಚಾಮರಾಜಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ. ಓಕಳಿಪುರಂನಲ್ಲಿ ಜಾಗ ಸಿಗಲಿಲ್ಲವಂತೆ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ನಮ್ಮವರು ಕೂಲಿಗೆ ಹೋಗುವ ಹೊತ್ತು. ಆದರೂ ನೂರಾರು ಜನ ಅರ್ಧ ದಿನದ ಸಂಬಳ ಬಿಟ್ಟು ಬಂದರು. ಮುಂದಿನ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿತ್ತು. ಅಲ್ಲಿ ಕಂಪನಿಯವರು, ಅಧಿಕಾರಿಗಳು, ಬಸವನಗುಡಿ ಮಲ್ಲೇಶ್ವರಂ ಕಡೆಯ ನಿವಾಸಿ ಸಂಘಗಳ ಹಿರಿಯರು. ನಮ್ಮವರನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಿದರು. ಕುರ್ಚಿ ಸಾಲದೆ ಮುಕ್ಕಾಲು ಜನ ಗೋಡೆಗೆ ಒರಗಿ ನಿಂತರು. ಬ್ಯಾಂಕಿನ ಹೆಂಗಸು ಇಂಗ್ರಿಡ್ ವೇದಿಕೆಯ ಮೇಲೆ ಕೂತಿದ್ದಳು. ಐವತ್ತರ ಆಸುಪಾಸು, ಹತ್ತಿಯ ಕುರ್ತಾ. ಪಕ್ಕದಲ್ಲಿ ನಾನು. ನನ್ನ ಪಕ್ಕದಲ್ಲಿ ಕಶ್ಯಪ್.

ಒಂದು ಗಂಟೆ ಮುಂದಿನ ಸಾಲಿನವರು ಮಾತಾಡಿದರು. ಹೆದ್ದಾರಿ ತಲುಪಲು ಎಷ್ಟು ನಿಮಿಷ ಉಳಿಯುತ್ತದೆ? ಕಂಬದ ಮೇಲೆ ಬಳ್ಳಿ ಹಬ್ಬಿಸುತ್ತೀರಾ? ಸ್ಥಳೀಯರಿಗೆ ಟೋಲಿನಲ್ಲಿ ರಿಯಾಯಿತಿ ಇದೆಯೇ? ಒಬ್ಬರು ಕೆಳಗಿನ ಜಾಗದಲ್ಲಿ ವಾಕಿಂಗ್ ಪಾರ್ಕು ಮಾಡಬೇಕೆಂದರು. ಎಲ್ಲವನ್ನೂ ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಪಾರ್ಕು ಎಂದ ಜಾಗ ನಮ್ಮ ಅಡುಗೆಮನೆ.

ಹಿಂದಿನವರು ಪ್ರಶ್ನೆ ಬರೆದು ಚೀಟಿ ಕಳಿಸಬೇಕು ಎಂದು ಮೈಕಿನಲ್ಲಿ ಹೇಳಿದರು. ಒಂದೂ ಚೀಟಿ ಬರಲಿಲ್ಲ. "ಪ್ರಶ್ನೆ ಇಲ್ಲದಿದ್ದರೆ ಮುಗಿಸೋಣ" ಎಂದು ಕಶ್ಯಪ್ ಎದ್ದರು.

ಆಗ ಅಮ್ಮ ನಡೆದು ಬಂದಳು. ಡ್ಯೂಟಿಯಿಂದ ಸೀದಾ ಬಂದಿದ್ದಳು. ಸೀರೆಯ ಮೇಲೆ ಕೆಲಸದ ಕೋಟು, ತಲೆಗೆ ಕಟ್ಟಿದ ವಸ್ತ್ರ. ನಡುವಿನ ದಾರಿಯಲ್ಲಿ ಅವಳು ಬರುವಾಗ ಬಿಳಿ ಕುರ್ಚಿಯ ಒಬ್ಬರು ಕಾಲು ಎಳೆದುಕೊಂಡರು. ಸ್ವಯಂಸೇವಕನೊಬ್ಬ ಅಡ್ಡ ಬಂದ.

"ಅಮ್ಮಾ, ಬರ್ದು ಕೊಡಿ."

"ನಂಗೆ ಬರೆಯಾಕ್ ಬರಲ್ಲಪ್ಪ. ಮಾತಾಡಾಕ್ ಬರ್ತದೆ. ಕೊಡು ಅದನ್ನ."

ಮೈಕನ್ನು ಅವನ ಕೈಯಿಂದ ತೆಗೆದುಕೊಂಡಳು.

"ನನ್ ಹೆಸರು ನರಸಮ್ಮ. ಮೂವತ್ತೊಂದು ವರ್ಷದಿಂದ ಮಲ್ಲೇಶ್ವರದಾಗೆ ಕಸ ಗುಡಿಸ್ತಿದೀನಿ. ನಿಮ್ ಕಾಗ್ದದಾಗೆ ನಾನಿಲ್ವಂತೆ. ಅಲ್ಲಿ ಕೂತವ್ರಲ್ಲ ಕಶ್ಯಪ್ ಸಾರು, ಇವತ್ತು ಬೆಳಿಗ್ಗೆ ಅವರ ಮನೆ ಮುಂದ್ಲ ಕಸ ತೆಗೆದೋಳು ಯಾರು ಹಂಗಾರೆ? ನಮ್ಮಾವ ಹಳಿ ಹೊತ್ತ. ನನ್ ಗಂಡ ಹಳಿ ಹೊತ್ತ. ರೈಲು ಓಡ್ಬೇಕಾದಾಗ ನಾವಿದ್ವಿ. ಈಗ ನಿಮ್ ಕಾರು ಓಡ್ಬೇಕು, ನಾವಿಲ್ಲ. ಪೈಪು ಒಡೆದ್ರಿ. ಒಡೆದೋರು ನೀವು, ನೀರು ಹೊತ್ತೋರು ನಾವು. ನನ್ ಗಂಡ ನೀರು ಹೊತ್ತು ಬಿದ್ದು ಸೊಂಟ ಮುರ್ಕೊಂಡು ಮಲಗವ್ನೆ. ಇಲ್ದೇ ಇರೋನ ಸೊಂಟ ಹೆಂಗ್ ಮುರೀತದೆ? ಆ ಯಮ್ಮನ್ನ ಕೇಳಿ ಹೇಳ್ರಿ. ನಮ್ ತಲೆ ಮ್ಯಾಲೆ ರಸ್ತೆ ಹಾಕಾಕೆ ಸಾಲ ಕೊಡೋಕ್ ಮುಂಚೆ, ಕೆಳಗೆ ತಲೆ ಅವೆಯಾ ಅಂತ ಬಗ್ಗಿ ನೋಡಿದ್ರಾ?"

ಇಂಗ್ರಿಡ್ ನನ್ನ ಕಡೆ ತಿರುಗಿದಳು.

ಕಶ್ಯಪ್ ನನ್ನ ಕಿವಿಗೆ ಬಗ್ಗಿದರು. "ರಸ್ತೆಗೆ ಸ್ವಾಗತ ಇದೆ, ನೀರಿನ ವ್ಯವಸ್ಥೆ ಸರಿ ಮಾಡಿ ಅಂತಿದಾರೆ ಅನ್ನಿ. ಸಾಕು. ಹೇಳಿ, ಬೇಗ."

ನನ್ನ ಮುಂದೆ ಅಮ್ಮ ನಿಂತಿದ್ದಳು. ಇಷ್ಟೊತ್ತಾದರೂ ಅವಳು ನನ್ನ ಮುಖ ನೋಡಿರಲಿಲ್ಲ. ಇಲ್ಲೂ ನೋಡದ ಹಾಗೆ ಇದ್ದಳು. ಇಲ್ಲೂ ನನ್ನ ಕೆಲಸ ಕಾಯುತ್ತಿದ್ದಳು. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಇಲ್ಲ" ಅಂದೆ. ಕಶ್ಯಪ್‌ಗೆ. ಮೈಕು ನನ್ನ ಬಾಯಿಯ ಮುಂದೆಯೇ ಇತ್ತು. ಎಲ್ಲರಿಗೂ ಕೇಳಿತು.

ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಅಮ್ಮನ ಒಂದು ಮಾತೂ ಬಿಡಲಿಲ್ಲ, ಒಂದು ಮಾತೂ ಮೆತ್ತಗೆ ಮಾಡಲಿಲ್ಲ. ಸೊಂಟದ ಮಾತಿಗೆ ಬಂದಾಗ ನಿಂತು ಮತ್ತೆ ಹೇಳಿದೆ. ಮುಗಿಸಿ, ನನ್ನ ಮಾತು ಸೇರಿಸಿದೆ. ಇವಳು ನನ್ನ ಅಮ್ಮ. ಎಣಿಕೆ ಮಾಡಿದವಳು ನಾನು. ನಿಮ್ಮ ವರದಿಯ ನೂರ ಹದಿನೆಂಟನೇ ಪುಟದಲ್ಲಿ ನನ್ನ ಹೆಸರಿದೆ. ಹೆಸರು ನನ್ನದು, ಸಂಖ್ಯೆ ನನ್ನದಲ್ಲ. ಅಲ್ಲಿರುವುದು ಒಂದು ಸಾವಿರದ ಮುನ್ನೂರ ಇಪ್ಪತ್ತಾರು ಜನ.

ಮೈಕು ಸತ್ತಿತು. ಯಾರೋ ಆಫ್ ಮಾಡಿದ್ದರು. ಅದೇ ಮಾತನ್ನು ಕಿರುಚಿ ಕನ್ನಡದಲ್ಲಿ ಹೇಳಿದೆ. ಹಿಂದಿನಿಂದ ಗದ್ದಲ ಎದ್ದಿತು. "ನಾನಿದೀನಿ! ನಮ್ ಮನೆ ನೂರಾ ಮೂರು! ಏಳು ಜನ ಇದೀವಿ!" ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಇದೆಲ್ಲ ಯಾರೋ ಹೇಳಿಕೊಟ್ಟು ಮಾಡಿಸ್ತಿರೋದು" ಎನ್ನುತ್ತಾ ಹೊರಟರು. ಅಮ್ಮ ಸತ್ತ ಮೈಕನ್ನು ಸ್ವಯಂಸೇವಕನ ಕೈಗೆ ಕೊಟ್ಟಳು.

ಇಂಗ್ರಿಡ್ ನನ್ನನ್ನು ಕೇಳಿದಳು: ಆ ಫಾರಂಗಳು ಎಲ್ಲಿವೆ?

ಫಾರಂಗಳು ಕಶ್ಯಪ್ ಅವರ ಬೀರುವಿನಲ್ಲಿದ್ದವು. ಆದರೆ ಫಾರಂ ತುಂಬುವ ಮುಂಚೆ ನಾನು ಗೀಚಿಕೊಂಡಿದ್ದ ಮೂರು ನೋಟ್‌ಬುಕ್ಕು ಮನೆಯಲ್ಲಿ, ಬಟ್ಟೆ ಪೆಟ್ಟಿಗೆಯ ತಳದಲ್ಲಿದ್ದವು. ಅದನ್ನು ಅಲ್ಲೇ ಎಲ್ಲರ ಮುಂದೆ ಹೇಳಿದೆ. ಕಶ್ಯಪ್ ಮುಖ ಮೊದಲ ಸಲ ಬಣ್ಣಗೆಟ್ಟಿತು.

ಮಂಟಪದ ಹೊರಗೆ ಅವರು ನನ್ನನ್ನು ನಿಲ್ಲಿಸಿದರು. "ಯಾರೂ ಕೊಡದೇ ಇದ್ದಾಗ ನಿಮ್ಮಂಥೋರಿಗೆ ನಾನು ಕೆಲಸ ಕೊಟ್ಟೆ. ಇದಾ ನೀವು ತೋರಿಸೋ ಕೃತಜ್ಞತೆ?"

"ನಮ್ಮಂಥೋರು ಅಂದ್ರೆ ಯಾರು ಸರ್?"

ಅವರು ಜೇಬಿನಲ್ಲಿ ಕಾರಿನ ಕೀ ಹುಡುಕಿದರು.

"ಹೇಳಿ ಸರ್. ಎರಡು ವರ್ಷದಿಂದ ನಿಮ್ಮ ಮನೇಲಿ ಎಲ್ಲರ ಬಾಯಲ್ಲೂ ಇದೆ. ಒಂದ್ಸಲ ಜೋರಾಗಿ ಹೇಳಿ."

ಅವರು ಕಾರು ಹತ್ತಿ ಹೋದರು. ಆ ತಿಂಗಳ ಸಂಬಳ ಬರಲಿಲ್ಲ.

ಆಮೇಲಿನದು ನಿಧಾನದ ಕೆಲಸ. ಒಡೆದ ಪೈಪಿಗೆ ನಮ್ಮ ಗಂಡಸರೇ ಹನ್ನೊಂದನೇ ದಿನ ಹೊಸ ತುಂಡು ಕೂರಿಸಿದ್ದರು. ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆದು, ಮನೆಮನೆಯ ಸಹಿ ಹೆಬ್ಬೆಟ್ಟು ಹಾಕಿಸಿ ಬ್ಯಾಂಕಿಗೆ ದೂರು ಕಳಿಸಿದೆವು. ಬೆದರಿಕೆ ಬಂತು. ಪೊಲೀಸ್ ಠಾಣೆಯಲ್ಲಿ ಅಮ್ಮನನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ ಕಳಿಸಿದರು. ಮಲ್ಲೇಶ್ವರಂನಿಂದ ದೂರದ ವಾರ್ಡಿಗೆ ಅವಳನ್ನು ಎತ್ತಿಹಾಕಿದರು. ಎರಡು ಬಸ್ಸು ಬದಲಿಸಿ ಹೋಗುವ ಜಾಗ. ಐದು ತಿಂಗಳಾದ ಮೇಲೆ ಬ್ಯಾಂಕು ಬೇರೆಯವರಿಂದ ಮತ್ತೆ ಎಣಿಸಿತು. ಒಂದು ಸಾವಿರದ ಮುನ್ನೂರ ಹತ್ತೊಂಬತ್ತು. ಅಷ್ಟರಲ್ಲಿ ಏಳು ಜನ ಕಡಿಮೆಯಾಗಿದ್ದರು. ಅದರಲ್ಲಿ ಅಪ್ಪ ಒಬ್ಬ. ಮಲಗಿದ್ದಲ್ಲೇ ಬೆನ್ನು ಹುಣ್ಣಾಗಿ, ನಂಜು ಏರಿ ಹೋದ. ನೂರ ಹದಿನೆಂಟನೇ ಪುಟದಲ್ಲಿ ಅವನು ಮೊದಲೂ ಇರಲಿಲ್ಲ. ಹೊಸ ಪುಟ ಬರುವ ಹೊತ್ತಿಗೂ ಇರಲಿಲ್ಲ.

ನಾವು ಗೆದ್ದೆವು ಎಂದು ಪತ್ರಿಕೆಯಲ್ಲಿ ಬಂತು. ಗೆಲುವು ಏನೆಂದರೆ ಸಾಲ ತಡವಾಯಿತು. ನಿಲ್ಲಲಿಲ್ಲ. ಮೂರು ಕಿಲೋಮೀಟರಿನೊಳಗೇ ಮನೆ ಕಟ್ಟಿಕೊಟ್ಟು ಆಮೇಲೆ ಕೆಡವುತ್ತೇವೆಂದು ಬರೆದುಕೊಟ್ಟರು. ಮನೆ ಇನ್ನೂ ಕಾಗದದಲ್ಲಿದೆ. ಸಾಲಕ್ಕೆ ಸಹಿ ಬಿದ್ದಿದೆ. ಹೆದ್ದಾರಿ ಕಡೆಯಿಂದ ಟೋಲ್ ರಸ್ತೆಯ ಕಂಬಗಳು ಹಳಿಯ ತನಕ ಬಂದು ನಿಂತಿವೆ.

ಹೋದ ತಿಂಗಳು ಭಾನುವಾರ ಬೆಳಿಗ್ಗೆ ಶರಣ್ ಎಂಬ ಫೋಟೊಗ್ರಾಫರ್ ಬಂದ. ಕೊರಳಲ್ಲಿ ಎರಡು ಕ್ಯಾಮೆರಾ. ಬ್ಯಾಂಕಿನವರು ಕಳಿಸಿದ್ದು. ವರ್ಷದ ಪುಸ್ತಕ ಮಾಡುತ್ತಾರಂತೆ. ಜನರ ದನಿಗೆ ಬ್ಯಾಂಕು ಹೇಗೆ ಕಿವಿಗೊಟ್ಟಿತು ಎಂದು ಒಂದು ಅಧ್ಯಾಯ. ಮುಖಪುಟಕ್ಕೆ ಅಮ್ಮ.

"ಅಮ್ಮಾ, ನಿಮ್ಮ ಕೋಟು ಹಾಕ್ಕೊಂಡು, ಪೊರಕೆ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಕೊಳ್ತೀರಾ? ಹಿಂದೆ ಆ ಕಂಬ ಬರುತ್ತೆ. ಚೆನ್ನಾಗಿರುತ್ತೆ."

"ಇವತ್ತು ರಜ" ಅಂದಳು ಅಮ್ಮ. ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಹಾಗಾದ್ರೆ ಹಾಗೇ ಇರಿ ಪರ್ವಾಗಿಲ್ಲ. ಸ್ವಲ್ಪ ನಗಿ."

"ಯಾಕೆ?"

"ಫೋಟೊಗಮ್ಮ. ನಿಮ್ಮ ಹೋರಾಟಕ್ಕೆ ಜಯ ಸಿಕ್ತಲ್ಲ."

ಅಮ್ಮ ಮೊರ ಕೆಳಗಿಟ್ಟಳು. ಮಂಡಿ ಹಿಡಿದು ಎದ್ದಳು. ಅವನ ಹತ್ತಿರ ಹೋದಳು. ಅವನು ಒಳ್ಳೆಯ ಹುಡುಗನೇ. ಹತ್ತಿರ ಬಂದಳೆಂದು ಖುಷಿಯಾಗಿ ಕ್ಯಾಮೆರಾ ಕಣ್ಣಿಗೆ ಏರಿಸಿದ.

"ನಮ್ ಮನೆ ಕೆಡವಾಕೆ ಸಾಲ ಕೊಟ್ಟೋರ ಪುಸ್ತಕದಾಗೆ ನಾನ್ಯಾಕಪ್ಪ ನಗ್ಲಿ?"

ಅಂದವಳೇ ಅಂಗೈಯನ್ನು ಕ್ಯಾಮೆರಾದ ಗಾಜಿನ ಮೇಲೆ ಒತ್ತಿ ಹಿಡಿದಳು. ಅವನು ಕ್ಯಾಮೆರಾ ಇಳಿಸುವ ತನಕ ತೆಗೆಯಲಿಲ್ಲ.